ಅಪ್ಪ ಮಾಡಿಸಿದ ಆಂಪ್ಲಿಫೈಯರ್‌ನಲ್ಲಿ 4558 ಐಸಿ ಇವೆ, ಬದಲಿಗೆ ಯಾವುದು ಹಾಕಲಿ?

ಧಾರವಾಡದ ಕೇಳುಗ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಎಲೆಕ್ಟ್ರಾನಿಕ್ಸ್ ಓದಿಲ್ಲ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ, ಅಷ್ಟೇ.

1994ರಲ್ಲಿ ಅಪ್ಪ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರಿಗೆ ಹೇಳಿ ಮಾಡಿಸಿದ ಅಸೆಂಬಲ್ಡ್ ಆಂಪ್ಲಿಫೈಯರ್ ಮನೆಯಲ್ಲಿದೆ. ತಗಡಿನ ಡಬ್ಬ, ಮುಂದೆ ನಾಲ್ಕು ನಾಬ್. ಒಳಗೆ ಭಾರದ ಟ್ರಾನ್ಸ್‌ಫಾರ್ಮರ್, ಎಸ್‌ಟಿಕೆ ಐಸಿಯ ಪವರ್ ಬೋರ್ಡ್, ಅದರ ಪಕ್ಕ ಚಿಕ್ಕದೊಂದು ಬಾಸ್-ಟ್ರೆಬಲ್ ಬೋರ್ಡ್. ಆ ಚಿಕ್ಕ ಬೋರ್ಡಿನ ಮೇಲೆ ಎಂಟು ಕಾಲಿನ ಮೂರು ಐಸಿ, ಮೂರರ ಮೇಲೂ 4558 ಎಂದಿದೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಆಕಾಶವಾಣಿಯಲ್ಲಿ ಬಂದಾಗ ಅವರು ಕ್ಯಾಸೆಟ್ಟಿಗೆ ತುಂಬಿಟ್ಟುಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಇದೇ ಪೆಟ್ಟಿಗೆಯಲ್ಲಿ ರಾತ್ರಿ ಕೇಳುತ್ತೇನೆ.

ಈಗೀಗ ಹಾಡು ನಿಂತ ಕಡೆಯೆಲ್ಲ ಹಿಸ್ ಎದ್ದು ಕೇಳಿಸುತ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ. ತಂಬೂರಿಯಲ್ಲಂತೂ ಜೀವಾಳವೇ ಇಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಮೀಟುತ್ತಿರುವ ಹಾಗಿದೆ. ಮೂರೂ ಐಸಿ ಕಿತ್ತು ಎನ್‌ಇ5532 ಹಾಕು ಎಂದು ಒಬ್ಬ ಸ್ನೇಹಿತರು ಹೇಳಿದರು. ಎಲ್‌ಎಂ4562 ಹಾಕಿದರೆ ಧ್ವನಿ ಗಾಜಿನಷ್ಟು ಸ್ವಚ್ಛ ಎಂದು ಇನ್ನೊಬ್ಬರು. ಒಪಿಎ2134 ಎಂಬ ಹೆಸರೂ ಕೇಳಿದ್ದೇನೆ. ಅಪ್ಪನ ವಸ್ತು ಕೆಡಬಾರದು. ಯಾವುದು ಹಾಕಲಿ?

ಸೀರೀಸ್ ಬಲ್ಬ್

ಮೇಷ್ಟ್ರೇ, ನಾನು ಶಿವಮೊಗ್ಗದಲ್ಲಿ 31 ವರ್ಷ ರೇಡಿಯೋ-ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ನಿಮ್ಮ ಡಬ್ಬದ ಅಣ್ಣತಮ್ಮಂದಿರು ನನ್ನ ಮೇಜಿನ ಮೇಲೆ ಎಷ್ಟೋ ಬಂದು ಹೋಗಿವೆ. ಎಸೆಯುವಂಥ ಸಾಮಾನಲ್ಲ ಅದು, ಖಂಡಿತ ಇಟ್ಟುಕೊಳ್ಳಿ.

ಐಸಿ ಹೆಸರು ಆಮೇಲೆ ಹೇಳುತ್ತೇನೆ. ಮೊದಲು ಕೆಲವು ಅಳತೆ ಕೊಡಿ. ಮೀಟರಿನ ಕಪ್ಪು ತಂತಿ ಗ್ರೌಂಡಿಗೆ ಹಿಡಿದು ಕೆಂಪನ್ನು ಐಸಿಯ 8ನೇ ಕಾಲಿಗೆ, ಆಮೇಲೆ 4ನೇ ಕಾಲಿಗೆ ಮುಟ್ಟಿಸಿ. ಎಂಟರಲ್ಲಿ ಪ್ಲಸ್, ನಾಲ್ಕರಲ್ಲಿ ಮೈನಸ್ ಬರಬೇಕು. ಎಸ್‌ಟಿಕೆಗೆ ಹೋಗುವ ವೋಲ್ಟೇಜನ್ನೂ ಬರೆದುಕೊಳ್ಳಿ. ಚಿಕ್ಕ ಬೋರ್ಡಿಗೆ ಸಪ್ಲೈ ಎಲ್ಲಿಂದ ಬಂದಿದೆ ಅಂತ ತಂತಿ ಹಿಡಿದುಕೊಂಡು ಹೋಗಿ ನೋಡಿ. ದಪ್ಪ ರೆಸಿಸ್ಟರ್ ಮತ್ತು ಝೀನರ್ (ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ಡಯೋಡ್) ಸಿಗುತ್ತದೆ ಅನ್ನೋದು ನನ್ನ ಅಂದಾಜು.

ಇನ್ನೊಂದು. ಇನ್‌ಪುಟ್ ಸಾಕೆಟ್ಟಿನ ನಡುಗಾಲನ್ನು ಗ್ರೌಂಡಿಗೆ ಶಾರ್ಟ್ ಮಾಡಿ, ವಾಲ್ಯೂಮನ್ನು ಸೊನ್ನೆಯಿಂದ ಪೂರ್ತಿಯವರೆಗೆ ನಿಧಾನ ತಿರುಗಿಸಿ ಹಿಸ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಕೇಳಿ. ಆ ಶಾರ್ಟ್ ತೆಗೆದ ಮೇಲೆ, ಸಾಕೆಟ್ಟಿಗೆ ಏನನ್ನೂ ಚುಚ್ಚದೆ, ವಾಲ್ಯೂಮ್ ಹತ್ತಿರದ ಐಸಿಯ 3ನೇ ಕಾಲಿನಲ್ಲಿ ಎಷ್ಟು ಮಿಲಿವೋಲ್ಟ್ ಡಿಸಿ ಇದೆ ನೋಡಿ.

ಧಾರವಾಡದ ಕೇಳುಗ

ಸರ್, ನಿಮ್ಮ ಅಂದಾಜು ಸರಿ. ಎಸ್‌ಟಿಕೆಗೆ ಪ್ಲಸ್-ಮೈನಸ್ 35 ವೋಲ್ಟ್ ಇದೆ. ಅಲ್ಲಿಂದ ಕಂದು-ಕಪ್ಪು-ಕೆಂಪು ಪಟ್ಟೆಯ ರೆಸಿಸ್ಟರ್, ಅಂದರೆ 1 ಕಿಲೋಓಮ್, ಕಡೆಗೊಂದರಂತೆ. ಅದರ ನಂತರ ಝೀನರ್. ಐಸಿಯ 8ನೇ ಕಾಲಿನಲ್ಲಿ ಪ್ಲಸ್ 15.1, 4ರಲ್ಲಿ ಮೈನಸ್ 14.9.

ಹಿಸ್ ವಿಷಯ ವಿಚಿತ್ರವಾಗಿದೆ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗ ಬಹಳ ಕಡಿಮೆ. ತಿರುಗಿಸುತ್ತ ಹೋದಂತೆ ಏರಿ, ಮುಕ್ಕಾಲು ದಾಟಿದ ಮೇಲೆ ಅತಿ ಹೆಚ್ಚಾಗಿ, ಪೂರ್ತಿ ತಿರುಗಿಸಿದಾಗ ಮತ್ತೆ ಇಳಿಯುತ್ತದೆ. 3ನೇ ಕಾಲಿನಲ್ಲಿ ವಾಲ್ಯೂಮ್ ಸೊನ್ನೆಯಾದರೆ 0, ಪೂರ್ತಿಯಾದರೆ 9 ಮಿಲಿವೋಲ್ಟ್. ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ 100ಕೆ, ಅಂದರೆ 100 ಕಿಲೋಓಮ್, ಎಂದಿದೆ.

ನ್ಯಾನೋವೋಲ್ಟ್

ನಾನು ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಡಿಸೈನ್ ಕೆಲಸ ಮಾಡುವವನು. ಖರ್ಚಿಗೆ ಹಿಂದೆಮುಂದೆ ನೋಡದಿದ್ದರೆ ಒಪಿಎ1612 ಹಾಕಿ ಸರ್. ಅದರ ವೋಲ್ಟೇಜ್ ನಾಯ್ಸ್, ಅಂದರೆ ಐಸಿ ತಾನೇ ಹುಟ್ಟಿಸುವ ಹಿಸ್, ಲೆಕ್ಕದಲ್ಲಿ 1.1 ನ್ಯಾನೋವೋಲ್ಟ್, 5532ರದ್ದು 5, 4558ರದ್ದು 8ರ ಆಸುಪಾಸು. ಎಂಟು ಕಾಲಿನ ಉದ್ದ ಪ್ಯಾಕೇಜಿನಲ್ಲಿ ಅದು ಬರುವುದಿಲ್ಲ, ಸರ್ಫೇಸ್ ಮೌಂಟ್ ಮಾತ್ರ. ಚಿಕ್ಕ ಅಡಾಪ್ಟರ್ ಬೋರ್ಡಿನ ಮೇಲೆ ಕೂರಿಸಿಕೊಳ್ಳಬೇಕು. ಮೂರನ್ನೂ ಬದಲಿಸಿದರೆ ಹಿಸ್ ಪ್ರಶ್ನೆಯೇ ಇರುವುದಿಲ್ಲ.

ಸೀರೀಸ್ ಬಲ್ಬ್

ತಮ್ಮಾ, ಆ ಐಸಿ ಒಳ್ಳೆಯದು, ಸಂಶಯವಿಲ್ಲ. ಆದರೆ ಈ ಬೋರ್ಡಿಗೆ ಹೊಂದುವುದಿಲ್ಲ. ಯಾಕೆ ಅಂತ ಮೇಷ್ಟ್ರ ಅಳತೆಯಲ್ಲೇ ಇದೆ.

35 ವೋಲ್ಟಿನಿಂದ 15ಕ್ಕೆ ಇಳಿಸಲು ನಡುವೆ 1 ಕಿಲೋಓಮ್ ಇದೆ. ಇಪ್ಪತ್ತು ವೋಲ್ಟನ್ನು ಸಾವಿರ ಓಮಿನಿಂದ ಭಾಗಿಸಿದರೆ 20 ಮಿಲಿಆಂಪ್. ಆ ಬೋರ್ಡಿಗೆ ಸಿಗುವುದು ಅಷ್ಟೇ, ಒಂದು ಗುಟುಕೂ ಹೆಚ್ಚಿಲ್ಲ. ಒಂದು 4558 ಸುಮಾರು ಮೂರೂವರೆ ಮಿಲಿಆಂಪ್ ಎಳೆಯುತ್ತದೆ, ಮೂರು ಸೇರಿ ಹತ್ತೂವರೆ. ಉಳಿದದ್ದನ್ನು ಝೀನರ್ ಕುಡಿದು 15 ವೋಲ್ಟ್ ಕಾಪಾಡಿಕೊಂಡಿದೆ. ಈಗ ಮೂರೂ ಜಾಗಕ್ಕೆ 5532 ಹಾಕಿ. ಒಂದಕ್ಕೆ 8, ಮೂರಕ್ಕೆ 24 ಮಿಲಿಆಂಪ್. ಸಾವಿರ ಓಮಿನ ಮೇಲೇ 24 ವೋಲ್ಟ್ ಬಿದ್ದುಹೋಗುತ್ತದೆ, ಐಸಿಗೆ ಸಿಗುವುದು 11. ಝೀನರ್ ಕೆಲಸ ಬಿಟ್ಟಾಯಿತು, ಅದು ಇಷ್ಟು ದಿನ ತಡೆಯುತ್ತಿದ್ದ ಹಮ್, ಅಂದರೆ ಸಪ್ಲೈನ ಗುಂಯ್ ಸದ್ದು, ನೇರ ಒಳಗೆ. ಒಪಿಎ2134 ಕೂಡ ಎಂಟೇ ಎಳೆಯುವುದು. ಎಲ್‌ಎಂ4562 ಹತ್ತು. ನೀನು ಹೇಳಿದ್ದು ಏಳು ಚಿಲ್ಲರೆ, ಮೂರಕ್ಕೆ ಇಪ್ಪತ್ತೊಂದು ದಾಟುತ್ತದೆ.

ಹೊಸ ಐಸಿ ಹಾಕಿದ ಮೇಲೆ ಹಮ್ ಶುರುವಾಯಿತು ಅಂತ ಅಂಗಡಿಗೆ ತಂದವರು ಬಹಳ ಜನ. ಐಸಿ ಕೆಟ್ಟದ್ದು ಅಂತ ಬೈಯುತ್ತಿದ್ದರು. ಹತ್ತರಲ್ಲಿ ಎಂಟು ಸಲ ನನಗೆ ಕಂಡದ್ದು ಈ ರೆಸಿಸ್ಟರ್.

ಹಾಗಾಗಿ ಮೇಷ್ಟ್ರೇ, ಮೂರನ್ನೂ ಮುಟ್ಟಬೇಡಿ. ವಾಲ್ಯೂಮಿನ ನಂತರ ಬರುವ ಮೊದಲನೇ ಐಸಿ ಒಂದನ್ನೇ ಬದಲಿಸಿ. ಎರಡು 4558 ಏಳು, ಹೊಸದು ಎಂಟು, ಒಟ್ಟು ಹದಿನೈದು. ಝೀನರಿಗೆ ಇನ್ನೂ ಐದು ಉಳಿಯುತ್ತದೆ.

4558 ನಿಧಾನ, ಅದಕ್ಕೇ ಸದ್ದು ಮಂಕು ಅಂತ ಹೇಳುತ್ತಾರಲ್ಲ, ಅದನ್ನೂ ಲೆಕ್ಕ ಹಾಕಿ ನೋಡಿ. 20 ಕಿಲೋಹರ್ಟ್ಜ್‌ನಲ್ಲಿ 2 ವೋಲ್ಟ್ ಸಿಗ್ನಲ್ ದಾಟಿಸಲು ಬೇಕಾಗುವ ಸ್ಲ್ಯೂ ರೇಟ್, ಅಂದರೆ ವೋಲ್ಟೇಜ್ ಏರಿಳಿಯುವ ವೇಗ, ಮೈಕ್ರೋಸೆಕೆಂಡಿಗೆ 0.36 ವೋಲ್ಟ್. 4558ರ ಹತ್ತಿರ 1 ಇದೆ. ನಿಮ್ಮ ತಂಬೂರಿಯ ಜೀವಾಳ ತಿಂದದ್ದು ಅದಲ್ಲ. ಅದನ್ನು ಆಮೇಲೆ ಹುಡುಕೋಣ.

ನ್ಯಾನೋವೋಲ್ಟ್

ಅಣ್ಣಾ, ಕರೆಂಟಿನ ಕಡೆ ನಾನು ನೋಡಲೇ ಇಲ್ಲ, ತಪ್ಪಾಯಿತು. ನೀವು ಹೇಳಿದ ಮೇಲೆ ಹಿಸ್ ಲೆಕ್ಕವನ್ನೂ ಮೊದಲಿನಿಂದ ಮಾಡಿದೆ. ಅಲ್ಲೂ ನನ್ನ ಸಲಹೆ ತಪ್ಪಿತ್ತು.

ಇನ್‌ಪುಟ್ ಶಾರ್ಟ್ ಆಗಿದ್ದಾಗ 100ಕೆ ವಾಲ್ಯೂಮಿನ ನಡುಗಾಲಿನಿಂದ ಐಸಿಗೆ ಕಾಣುವ ರೆಸಿಸ್ಟೆನ್ಸ್ ಎರಡು ತುದಿಯಲ್ಲಿ ಸೊನ್ನೆ, ನಡುವೆ ಅತಿ ಹೆಚ್ಚೆಂದರೆ 25 ಕಿಲೋಓಮ್. ಮೊದಲು ನಿಧಾನ, ಕೊನೆಗೆ ಬೇಗ ಏರುವ ಲಾಗ್ ಕಂಟ್ರೋಲ್ ಆದ್ದರಿಂದ ಆ ನಡು ಬರುವುದು ಮುಕ್ಕಾಲು ದಾಟಿದ ಮೇಲೆ. ಸರ್ ಕೇಳಿಸಿಕೊಂಡದ್ದು ಇದನ್ನೇ! ಆ 25 ಕಿಲೋಓಮ್ ತಾನಾಗಿಯೇ ಹುಟ್ಟಿಸುವ ನಾಯ್ಸ್ 20 ನ್ಯಾನೋವೋಲ್ಟ್. ಯಾವ ಐಸಿ ಹಾಕಿದರೂ ಅದು ಇದ್ದೇ ಇರುತ್ತದೆ. ಅದರ ಮೇಲೆ ಐಸಿಯ ಕರೆಂಟ್ ನಾಯ್ಸ್ ಇದೇ ರೆಸಿಸ್ಟೆನ್ಸಿನಲ್ಲಿ ಹರಿದು ವೋಲ್ಟೇಜ್ ಆಗುತ್ತದೆ. ನಾನು ಹೊಗಳಿದ ಒಪಿಎ1612ಗೆ ಅದು 1.7 ಪಿಕೋಆಂಪ್. 25 ಕಿಲೋಓಮಿನಿಂದ ಗುಣಿಸಿದರೆ 42 ನ್ಯಾನೋವೋಲ್ಟ್. ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಒಟ್ಟು 47. ಇದೇ ಜಾಗದಲ್ಲಿ 5532 ಕೊಡುವುದು 27, ಕರೆಂಟ್ ನಾಯ್ಸ್ ಇಲ್ಲವೆನ್ನುವಷ್ಟು ಕಡಿಮೆಯ ಫೆಟ್ ಇನ್‌ಪುಟ್ ಇರುವ ಒಪಿಎ2134 ಕೊಡುವುದು 22. ಡೇಟಾಶೀಟಿನ ಮೊದಲ ಪುಟದಲ್ಲಿ ಅತ್ಯಂತ ನಿಶ್ಶಬ್ದ ಎನಿಸಿಕೊಂಡ ಐಸಿ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಸ್ ಮಾಡುತ್ತಿತ್ತು.

ಆದರೆ ಸರ್ ಹೇಗೂ ಕರಕರ ಅನ್ನುವ ವಾಲ್ಯೂಮ್ ಬದಲಿಸಬೇಕು. 100ಕೆ ಬದಲು 10ಕೆ ಹಾಕಿದರೆ? ಆಗ ನಡುವಿನ ರೆಸಿಸ್ಟೆನ್ಸ್ ಎರಡೂವರೆ ಕಿಲೋಓಮಿಗೆ ಇಳಿಯುತ್ತದೆ, ಅದರ ಸ್ವಂತ ನಾಯ್ಸ್ ಆರೂವರೆಗಿಂತ ಕಡಿಮೆ. 5532 ಹಾಕಿದರೆ ಒಟ್ಟು 8, ಒಪಿಎ2134 ಹಾಕಿದರೆ 10. ಅಗ್ಗದ 5532 ಗೆಲ್ಲುತ್ತದೆ.

ಸೀರೀಸ್ ಬಲ್ಬ್

ಸರಿಯಾಗಿ ಹಿಡಿದೆ ನೋಡು. ಕರಕರಕ್ಕೂ ಅದೇ ಮದ್ದು. ಐಸಿಯ ಇನ್‌ಪುಟ್ ಕಾಲಿಗೆ ಚೂರು ಬಯಾಸ್ ಕರೆಂಟ್ ಬೇಕು, ಅದು ವಾಲ್ಯೂಮಿನ ಮೂಲಕವೇ ಹರಿಯಬೇಕು. ಮೇಷ್ಟ್ರು ಕಂಡ 9 ಮಿಲಿವೋಲ್ಟ್ ಅದೇ. 5532ಕ್ಕೆ ಸಾಮಾನ್ಯವಾಗಿ 200 ನ್ಯಾನೋಆಂಪ್. 100ಕೆ ಇಟ್ಟುಕೊಂಡು ಬರೀ ಐಸಿ ಬದಲಿಸಿದ್ದರೆ 9 ಇದ್ದದ್ದು 20 ಮಿಲಿವೋಲ್ಟ್ ಆಗಿ ಕರಕರ ಹೆಚ್ಚೇ ಆಗುತ್ತಿತ್ತು. 10ಕೆ ಆದರೆ ಎರಡೇ ಮಿಲಿವೋಲ್ಟ್.

ಒಂದು ಎಚ್ಚರಿಕೆ. ವಾಲ್ಯೂಮಿಗೆ ಮುಂಚೆ ಒಂದು ಕಪ್ಲಿಂಗ್ ಕಂಡೆನ್ಸರ್ ಇರುತ್ತದೆ, ಸಾಮಾನ್ಯವಾಗಿ 1 ಮೈಕ್ರೋಫ್ಯಾರಡ್. 10ಕೆ ಜೊತೆ ಅದನ್ನೇ ಬಿಟ್ಟರೆ 16 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸುತ್ತದೆ, ತೀರ ಕೆಳಗಿನ ಬಾಸ್ ಚೂರು ಸೊರಗುತ್ತದೆ. 4.7 ಹಾಕಿ. ಕಂಪ್ಯೂಟರ್ 10ಕೆ ಲೋಡನ್ನು ಸುಲಭವಾಗಿ ಎಳೆಯುತ್ತದೆ. ಹಳೆಯ ಕ್ಯಾಸೆಟ್ ಡೆಕ್ಕನ್ನು ಇದಕ್ಕೆ ಜೋಡಿಸುವುದಿದ್ದರೆ ಮಾತ್ರ ಮೊದಲು ಹೇಳಿ.

ಸ್ಟ್ರಿಂಗ್ ಬೆಂಡ್

ನಡುವೆ ಬಂದೆ, ಕ್ಷಮಿಸಿ. ಗಿಟಾರ್ ನುಡಿಸುವ ನಾವು ಇದೇ 4558 ಇರುವ ಹಳೆಯ ಟ್ಯೂಬ್ ಸ್ಕ್ರೀಮರ್ ಎಂಬ, ಗಿಟಾರಿನ ಸದ್ದನ್ನು ಒರಟಾಗಿಸುವ ಪೆಡಲಿಗಾಗಿ ಪರದಾಡುತ್ತೇವೆ. ನನ್ನ ಪೆಡಲಿನಲ್ಲೂ 5532 ಹಾಕಬಹುದಾ?

ಸೀರೀಸ್ ಬಲ್ಬ್

ಕಾಲು ಹೊಂದುತ್ತವೆ, ನುಡಿಯುತ್ತದೆ. ಆದರೆ 9 ವೋಲ್ಟ್ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಪೆಡಲಿನಲ್ಲಿ ಸಿಗ್ನಲನ್ನು ಬೇಕಂತಲೇ ಡಯೋಡಿನಿಂದ ಕತ್ತರಿಸುತ್ತಾರೆ, ಅದೇ ನಿಮಗೆ ಬೇಕಾದ ಸ್ವರ. ಇಷ್ಟವಾಗಿದ್ದರೆ ಬಿಟ್ಟುಬಿಡಿ.

ಮೇಷ್ಟ್ರೇ, ಐಸಿ ತರುವ ಮುಂಚೆ ಇದನ್ನು ಓದಿ. ನಾನು ಒಂದು ಸಲ ದೂರದ ಊರಿನ ಅಂಗಡಿಯೊಂದರಿಂದ ಐವತ್ತು 5532 ತರಿಸಿದೆ. ಅಚ್ಚು ಹೊಳೆಯುತ್ತಿತ್ತು, ಕಾಲುಗಳು ನೆಟ್ಟಗಿದ್ದವು. ಹಾಕಿದ ಸೆಟ್‌ಗಳಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಗೊತ್ತಾಯಿತು, ಮೇಲಿನ ಹೆಸರು ಉಜ್ಜಿ ಹೊಸದಾಗಿ ಬರೆದ ಯಾವುದೋ ಐಸಿಗಳು. ಗಿರಾಕಿಗಳ ಹತ್ತಿರ 5532 ಅಂತ ಹೇಳಿ ದುಡ್ಡು ತೆಗೆದುಕೊಂಡಿದ್ದೆ. ಒಬ್ಬೊಬ್ಬರನ್ನೇ ಕರೆದು ಬದಲಿಸಿಕೊಟ್ಟೆ. ಅಂದಿನಿಂದ ಪ್ರತಿ ಐಸಿಯನ್ನೂ ಹೀಗೆ ಪರೀಕ್ಷಿಸುತ್ತೇನೆ.

ಎರಡು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ, ನಡುವಿನ ಜಾಗ ಗ್ರೌಂಡ್. ಐಸಿ ಬೇಸಿನಲ್ಲಿ 1 ಮತ್ತು 2ನೇ ಕಾಲು ಸೇರಿಸಿ. 6 ಮತ್ತು 7 ಸೇರಿಸಿ. 5ನೇ ಕಾಲು ನೇರ ಗ್ರೌಂಡಿಗೆ. 3ನೇ ಕಾಲಿನಿಂದ ಗ್ರೌಂಡಿಗೆ 1 ಮೆಗಾಓಮ್. ಪ್ಲಸ್ ಬ್ಯಾಟರಿಯಿಂದ 8ನೇ ಕಾಲಿಗೆ ನೂರು ಓಮಿನ ಮೂಲಕ ಕೊಡಿ, ಮೈನಸ್ ನೇರ 4ಕ್ಕೆ. 8ಕ್ಕೂ 4ಕ್ಕೂ ನಡುವೆ 104 ಅಂತ ಬರೆದ, ಅಂದರೆ 0.1 ಮೈಕ್ರೋಫ್ಯಾರಡಿನ, ಒಂದು ಡಿಸ್ಕ್ ಕಂಡೆನ್ಸರ್. ಈಗ ನೂರು ಓಮಿನ ಎರಡು ತುದಿಗೆ ಮೀಟರ್ ಹಿಡಿದರೆ 5532 ಆದಲ್ಲಿ 0.8 ವೋಲ್ಟಿನ ಆಸುಪಾಸು, ಅಂದರೆ 8 ಮಿಲಿಆಂಪ್. 4558 ಆದಲ್ಲಿ 0.35 ಇಲ್ಲವೇ ಇನ್ನೂ ಕಡಿಮೆ. ಆಮೇಲೆ 1ನೇ ಕಾಲು ನೋಡಿ. 5532ರ ಇನ್‌ಪುಟ್ಟಿನಲ್ಲಿರುವುದು ಎನ್‌ಪಿಎನ್ ಟ್ರಾನ್ಸಿಸ್ಟರ್, ಬಯಾಸ್ ಕರೆಂಟ್ ಒಳಕ್ಕೆ ಹೋಗುತ್ತದೆ, ಮೀಟರಿನಲ್ಲಿ ಮೈನಸ್ 0.2 ವೋಲ್ಟಿನ ಸುತ್ತಮುತ್ತ ಬರುತ್ತದೆ. 4558ರದ್ದು ಪಿಎನ್‌ಪಿ, ಅದರಲ್ಲಿ ಪ್ಲಸ್ ಬರುತ್ತದೆ. ಒಪಿಎ2134, ಟಿಎಲ್072ರಂಥ ಫೆಟ್ ಐಸಿಗಳಲ್ಲಿ ಕೆಲವು ಮಿಲಿವೋಲ್ಟಿಗಿಂತ ಹೆಚ್ಚು ಬರುವುದಿಲ್ಲ. ಹೆಸರು ಉಜ್ಜಬಹುದು, ಇದನ್ನು ಉಜ್ಜಲಾಗುವುದಿಲ್ಲ.

ಹಾಕುವ ಕೆಲಸಕ್ಕೆ: ಪ್ಲಗ್ ಕಿತ್ತ ಮೇಲೆ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗಳನ್ನು ನೂರು ಓಮ್ ಐದು ವ್ಯಾಟಿನ ರೆಸಿಸ್ಟರ್ ಹಿಡಿದು ಖಾಲಿ ಮಾಡಿ. ಆ ಕಾಲದ ಕಂದು ಬೋರ್ಡಿನಲ್ಲಿ ತಾಮ್ರದ ಪಟ್ಟಿ ಬೇಗ ಏಳುತ್ತದೆ. ಹಳೆಯ ಐಸಿ ಉಳಿಸಲು ಹೋಗಬೇಡಿ. ಕಟರಿನಲ್ಲಿ ಎಂಟೂ ಕಾಲು ಕತ್ತರಿಸಿ, ಒಂದೊಂದನ್ನೇ ಬಿಸಿ ಮಾಡಿ ಎಳೆದು, ಆ ಜಾಗಕ್ಕೆ ಐಸಿ ಬೇಸ್ ಹಾಕಿ. ಬೋರ್ಡಿನ ಅಡಿಯಲ್ಲಿ 8ಕ್ಕೂ 4ಕ್ಕೂ ನಡುವೆ 104 ಬೆಸೆಯಿರಿ, ಕಾಲು ಆದಷ್ಟು ಗಿಡ್ಡ. ಇದನ್ನು ಬಿಟ್ಟು ನಾನೊಮ್ಮೆ ಎಲ್‌ಎಂ4562 ಹಾಕಿದ್ದೆ. ಹಾಡು ಬರುತ್ತಿತ್ತು, ಆದರೆ ಸ್ವರದ ಅಂಚಿನಲ್ಲಿ ಮರಳು ತಿಕ್ಕಿದ ಹಾಗೆ. ಬೆರಳಿಟ್ಟರೆ ಐಸಿ ಸುಡುತ್ತಿತ್ತು. ಪರಿಚಯದ ಲೆಕ್ಚರರ್ ಒಬ್ಬರ ಲ್ಯಾಬಿನಲ್ಲಿ ಸಿಆರ್‌ಓಗೆ (ಸಿಗ್ನಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಹಾಕಿದಾಗ ಗೆರೆಯ ಬದಲು ಪರದೆ ತುಂಬ ದಪ್ಪ ಹಸಿರು ಪಟ್ಟೆ. ಕೆಲವು ಮೆಗಾಹರ್ಟ್ಜ್‌ನಲ್ಲಿ ತನ್ನಷ್ಟಕ್ಕೆ ಆಸಿಲೇಟ್ ಆಗುತ್ತಿತ್ತು. 104 ಹಾಕಿದ ಕ್ಷಣ ಪಟ್ಟೆ ಹೋಗಿ ತೆಳು ಗೆರೆ ಬಂತು, ಐದು ನಿಮಿಷದಲ್ಲಿ ಐಸಿ ತಣ್ಣಗಾಯಿತು. 5532 ಅಷ್ಟು ಚುರುಕಿನದಲ್ಲ, ಆದರೂ ಹಾಕಿ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡಿನಲ್ಲಿ, ಅಂದರೆ ಮನೆಯ ಕರೆಂಟು ಬಲ್ಬಿನ ಮೂಲಕವೇ ಡಬ್ಬಕ್ಕೆ ಹೋಗುವ ಹಾಗೆ, 60 ವ್ಯಾಟ್ ಬಲ್ಬ್. ಒಮ್ಮೆ ಮಿಂಚಿ ಮಂದವಾದರೆ ಸರಿ. ಪ್ರಕಾಶವಾಗಿಯೇ ಉಳಿದರೆ ತಕ್ಷಣ ಆಫ್ ಮಾಡಿ ಇಲ್ಲಿ ಬರೆಯಿರಿ.

ಧಾರವಾಡದ ಕೇಳುಗ

ಸರ್, ಎರಡು ಕಡೆಯಿಂದ ಒಂದೊಂದು 5532 ತರಿಸಿದೆ. ನೀವು ಹೇಳಿದ ಹಾಗೆ ಬ್ಯಾಟರಿ ಇಟ್ಟು ನೋಡಿದೆ. ಮೊದಲನೆಯದರಲ್ಲಿ ನೂರು ಓಮಿನ ಮೇಲೆ 0.31 ವೋಲ್ಟ್, 1ನೇ ಕಾಲಿನಲ್ಲಿ ಪ್ಲಸ್ 0.07. ಎರಡನೆಯದರಲ್ಲಿ 0.78, ಮತ್ತು ಮೈನಸ್ 0.19. ಮೈನಸ್ ಚಿಹ್ನೆ ಕಂಡಾಗ ಆದ ಸಂತೋಷ ಹೇಳಲಾರೆ. ಮೊದಲನೆಯದನ್ನು ಕಾಲು ಕತ್ತರಿಸಿ ಬಿಸಾಡಿದೆ.

ಭಾನುವಾರ ಬೆಳಿಗ್ಗೆ ಕೂತು 10ಕೆ ವಾಲ್ಯೂಮ್, 4.7 ಮೈಕ್ರೋಫ್ಯಾರಡ್ ಎರಡು, ಐಸಿ ಬೇಸ್, 5532, ಅಡಿಯಲ್ಲಿ 104 ಎಲ್ಲ ಹಾಕಿದೆ. ಬಲ್ಬ್ ಮಿಂಚಿ ಮಂದವಾಯಿತು. ಸಪ್ಲೈ 15.0 ಇದೆ. 3ನೇ ಕಾಲಿನಲ್ಲಿ ಈಗ ಪೂರ್ತಿ ವಾಲ್ಯೂಮಿನಲ್ಲೂ ಎರಡು ಮಿಲಿವೋಲ್ಟ್ ದಾಟುವುದಿಲ್ಲ. ಕರಕರ ಪೂರ್ತಿ ಹೋಯಿತು. ಹಿಸ್ ಕೇಳಬೇಕಾದರೆ ಈಗ ಸ್ಪೀಕರಿಗೆ ಕಿವಿ ಹಚ್ಚಬೇಕು.

ತಂಬೂರಿ ಮಾತ್ರ ಹಾಗೇ ಇದೆ.

ಸೀರೀಸ್ ಬಲ್ಬ್

ಈಗ ಸ್ಪೀಕರ್ ಡಬ್ಬ ಬಿಚ್ಚಿ ಮೇಷ್ಟ್ರೇ. ಟ್ವೀಟರಿಗೆ, ಅಂದರೆ ತಾರದ ಸದ್ದು ಕೊಡುವ ಚಿಕ್ಕ ಸ್ಪೀಕರಿಗೆ, ಹೋಗುವ ತಂತಿಯ ನಡುವೆ ಒಂದು ಸಣ್ಣ ಕಂಡೆನ್ಸರ್ ಇರುತ್ತದೆ. ಪ್ಲಸ್-ಮೈನಸ್ ಗುರುತಿಲ್ಲದ, ನಾನ್-ಪೋಲಾರ್ ಅನ್ನುವ ಜಾತಿ. 30 ವರ್ಷಕ್ಕೆ ಒಳಗಿನ ರಸ ಒಣಗಿ ಬೆಲೆ ಇಳಿದಿರುತ್ತದೆ. ಬೆಲೆ ಇಳಿದಷ್ಟೂ ಟ್ವೀಟರಿಗೆ ಸದ್ದು ಹೋಗುವುದು ಕಡಿಮೆ. ಮೇಲೆ ಬರೆದ ಸಂಖ್ಯೆ, ಮೀಟರ್ ತೋರಿಸುವ ಸಂಖ್ಯೆ ಎರಡನ್ನೂ ಹೇಳಿ.

ಧಾರವಾಡದ ಕೇಳುಗ

ಮೇಲೆ ಬರೆದದ್ದು 2.2 ಮೈಕ್ರೋಫ್ಯಾರಡ್. ಶಾಲೆಯ ಲ್ಯಾಬಿನ ಮೀಟರಿನಲ್ಲಿ ಒಂದು 0.7, ಇನ್ನೊಂದು 0.5.

ಇವತ್ತು ಸಂಜೆ ಎರಡಕ್ಕೂ 2.2ರ ಹೊಸ ಪಾಲಿಪ್ರೊಪಿಲೀನ್ ಕಂಡೆನ್ಸರ್ ಹಾಕಿದೆ. ಮನ್ಸೂರರ ಕ್ಯಾಸೆಟ್ಟಿನಲ್ಲಿ ಹಾಡು ಶುರುವಾಗುವ ಮುಂಚೆ ಬರೀ ತಂಬೂರಿ ಇರುವ ಜಾಗವಿದೆ, ಅರ್ಧ ನಿಮಿಷದಷ್ಟು. ಅದನ್ನೇ ಮೂರು ಸಲ ಹಾಕಿದೆ. ಒಂದೊಂದು ತಂತಿ ಬೇರೆಬೇರೆಯಾಗಿ ಕೇಳಿಸಿತು, ಮೀಟಿದ ಮೇಲೆ ಝೇಂಕಾರ ಮೇಲೇರಿ ಬಿಚ್ಚಿಕೊಳ್ಳುವುದು ಕೇಳಿಸಿತು. ಅಡುಗೆಮನೆಯಲ್ಲಿದ್ದ ಅವ್ವ ಬಂದು ಬಾಗಿಲ ಹತ್ತಿರ ನಿಂತು, 'ನಿಮ್ಮಪ್ಪ ಇದ್ದಾಗ ಹಿಂಗ ಬರ್ತಿತ್ತು' ಅಂದಳು.

ನ್ಯಾನೋವೋಲ್ಟ್ ಅವರಿಗೂ ನಿಮಗೂ ನಮಸ್ಕಾರ ಸರ್. ಉಳಿದ ಎರಡು 4558ರ ಅಡಿಯಲ್ಲಿ 104 ಇಲ್ಲ. ಅಲ್ಲೂ ಬೇಕಾ?

ಸೀರೀಸ್ ಬಲ್ಬ್

ಬೇಕೆಂದೇನಿಲ್ಲ, 30 ವರ್ಷ ಇಲ್ಲದೆಯೇ ನಡೆದಿದೆ. ಡಬ್ಬ ಮುಚ್ಚುವ ಮುಂಚೆ ಆ ಎರಡು 1 ಕಿಲೋಓಮ್ ರೆಸಿಸ್ಟರ್ ಒಂದು ವ್ಯಾಟಿನವೇ ಅಂತ ನೋಡಿ. ಅರ್ಧ ವ್ಯಾಟಿನದಾಗಿದ್ದು ಕೆಳಗಿನ ಬೋರ್ಡ್ ಕಪ್ಪಾಗಿದ್ದರೆ ಬದಲಿಸಿ, ಬೋರ್ಡಿಗೆ ತಾಗದಂತೆ ಎತ್ತರದಲ್ಲಿ ಬೆಸೆಯಿರಿ. ಅವ್ವನಿಗೆ ನನ್ನ ನಮಸ್ಕಾರ ಹೇಳಿ.